ದಳವಾಯಿಗಳ ಸರ್ಕಾರ, ಒತ್ತೆಬಿದ್ದ ತೆಂಗಿನ ಸೀಮೆ

18ನೆಯ ಶತಮಾನದ ಮೊದಲ ಅರ್ಧದಲ್ಲಿ ಮೈಸೂರು ರಾಜ್ಯದ ಆಡಳಿತ ಶ್ರೀರಂಗಪಟ್ಟಣದ ಮೂರು ಹುದ್ದೆಗಳ ಸುತ್ತ ನಡೆಯಿತು: ದಳವಾಯಿ, ಸರ್ವಾಧಿಕಾರಿ, ಪ್ರಧಾನ. ದಳವಾಯಿಯ ಕೈಯಲ್ಲಿ ಸೈನ್ಯ, ಸರ್ವಾಧಿಕಾರಿಯ ಕೈಯಲ್ಲಿ ಕಂದಾಯ ಮತ್ತು ಬೊಕ್ಕಸ. ಅರಸನಿಗೆ ಆಲೋಚನೆ ಹೇಳುವುದು ಪ್ರಧಾನನ ಕೆಲಸ. ಸಿಂಹಾಸನದ ಮೇಲೆ ಒಡೆಯರು ಕುಳಿತಿದ್ದರು, ದರ್ಬಾರು ನಡೆಯುತ್ತಿತ್ತು, ನಿರೂಪಗಳು ಅವರ ಹೆಸರಿನಲ್ಲೇ ಹೊರಡುತ್ತಿದ್ದವು. ಆದರೆ ಯಾವ ಕೋಟೆಗೆ ದಂಡು ಹೋಗಬೇಕು, ಯಾವ ನವಾಬನಿಗೆ ಎಷ್ಟು ಕೊಡಬೇಕು, ಕೊನೆಗೆ ಯಾರು ಅರಸನಾಗಬೇಕು ಎಂಬುದನ್ನೂ ತೀರ್ಮಾನಿಸುತ್ತಿದ್ದವರು ಮಂತ್ರಿಗಳು. ಈ ಮಂತ್ರಿಗಳ ಆಳ್ವಿಕೆಯ ಲೆಕ್ಕ ತೀರಿಸಬೇಕಾಗಿ ಬಂದ ಊರುಗಳಲ್ಲಿ ಇಂದಿನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳೂ ಸೇರಿವೆ. ತೆಂಗಿನ ಸೀಮೆಯೆನಿಸಿದ ಈ ಕಲ್ಪತರು ನಾಡಿನವರು ಶ್ರೀರಂಗಪಟ್ಟಣದ ಅರಮನೆಯ ಒಳಜಗಳವನ್ನು ತಮ್ಮ ಊರಿನ ಚರಿತ್ರೆಯಾಗಿಯೇ ಓದಬೇಕಾದ ಕಾರಣ ಅದು.

ಅದೇ ಕಾಲದಲ್ಲಿ ಲಂಡನ್‌ನಲ್ಲಿಯೂ ಅರಸನಿಂದ ಮಂತ್ರಿಗೆ ಅಧಿಕಾರ ಸರಿಯುತ್ತಿತ್ತು. 1714ರಲ್ಲಿ ಜರ್ಮನಿಯ ಹ್ಯಾನೋವರ್‌ನಿಂದ ಬಂದ ಒಂದನೇ ಜಾರ್ಜ್ ಬ್ರಿಟನ್ನಿನ ಪಟ್ಟವೇರಿದ. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ದೊಡ್ಡ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ಜಾರ್ಜನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಟೌನ್‌ಶೆಂಡ್, ಸ್ಟ್ಯಾನ್‌ಹೋಪ್, ಸಂಡರ್‌ಲೆಂಡ್ ಎಂಬ ಮಂತ್ರಿಗಳು ತಮ್ಮತಮ್ಮಲ್ಲೇ ಕಿತ್ತಾಡಿದರು. 1720ರಲ್ಲಿ ಸೌತ್ ಸೀ ಕಂಪನಿಯ ಷೇರುಗಳು ಕುಸಿದು ಸಾವಿರಾರು ಮನೆಗಳು ಹಾಳಾದ ಮೇಲೆ, 1721ರಲ್ಲಿ ರಾಬರ್ಟ್ ವಾಲ್‌ಪೋಲ್ ಖಜಾನೆಯ ಮುಖ್ಯಸ್ಥನಾದ. ಇಪ್ಪತ್ತೊಂದು ವರ್ಷ ಆ ಜಾಗ ಬಿಟ್ಟು ಕದಲಲಿಲ್ಲ. ಬ್ರಿಟನ್ನಿನ ಮೊದಲ ಪ್ರಧಾನ ಮಂತ್ರಿ ಎಂದು ಇಂದು ಗುರುತಿಸುವುದು ಅವನನ್ನೇ. ಮೈಸೂರಿನಲ್ಲಿ 1724ರಲ್ಲಿ ದಳವಾಯಿಯಾದ ದೇವರಾಜಯ್ಯನವರು ಮೂವತ್ತು ವರ್ಷಕ್ಕೂ ಮಿಕ್ಕಿ ಆ ಹುದ್ದೆಯಲ್ಲಿದ್ದರು. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಆಡಳಿತಗಳು. ಎರಡೂ ಬೇರೆಬೇರೆ ದಾರಿ ಹಿಡಿದದ್ದೇಕೆ ಎಂಬುದು ಮೈಸೂರಿನ ಕಚೇರಿಗಳ ರಚನೆಯನ್ನು ನೋಡಿದರೆ ತಿಳಿಯುತ್ತದೆ.

ಆ ಕಚೇರಿಗಳನ್ನು ಕಟ್ಟಿದವರು ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704). ಅವರ ಯೌವನದ ಬಹುಪಾಲು ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ, ಚಿಕ್ಕಪ್ಪನ ಕಾವಲಿನಲ್ಲಿ ಕಳೆಯಿತು. ಅಲ್ಲಿ ಅವರ ಒಡನಾಡಿಯಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಪಟ್ಟಕ್ಕೆ ಬಂದೊಡನೆ ಅವನೇ ಮುಖ್ಯ ಮಂತ್ರಿಯಾದ. ಅವನ ಜೊತೆಗೆ ತಿರುಮಲಾರ್ಯ, ಷಡಕ್ಷರಯ್ಯ, ಚಿಕ್ಕುಪಾಧ್ಯಾಯ, ಕರಣಿಕ ಲಿಂಗಣ್ಣಯ್ಯ ಸೇರಿ ಐವರ ಮಂತ್ರಾಲೋಚನೆ ಸಭೆ ಏರ್ಪಟ್ಟಿತು. ಜೈನ, ಶ್ರೀವೈಷ್ಣವ, ವೀರಶೈವ ಎಂಬ ಭೇದವಿಲ್ಲದೆ ಬಲ್ಲವರನ್ನು ಕೂರಿಸಿದ ಸಭೆ ಅದು. ತಿರುಮಲಾರ್ಯನೂ ಚಿಕ್ಕುಪಾಧ್ಯಾಯನೂ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ದೊಡ್ಡ ಹೆಸರುಗಳು. ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದದ್ದೂ ಈ ಕಾಲದಲ್ಲೇ. ಆದರೂ ಈ ಐವರೂ ಅರಸನ ನೆರಳಿನಲ್ಲಿದ್ದವರು. ಅರಸ ಕೇಳಿದರೆ ಆಲೋಚನೆ ಹೇಳುವರು. ಕೊನೆಯ ಮಾತು ಅರಸನದೇ.

ಚಿಕ್ಕದೇವರಾಜರಿಗೆ ಹಣದ ಮೇಲೆ ಹಿಡಿತವಿತ್ತು. ಬ್ರಿಟಿಷ್ ರೆಸಿಡೆಂಟ್ ಆಗಿ ಮೈಸೂರಿನಲ್ಲಿದ್ದು, ಇಲ್ಲಿಯ ಹಳೆಯ ಕಾಗದಪತ್ರ ಮತ್ತು ಬಾಯಿಮಾತುಗಳನ್ನು ಕೂಡಿಸಿ 1810ರಿಂದ ಇತಿಹಾಸ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಸಾವಿರ ವರಹಗಳ ಎರಡು ಚೀಲ ಖಜಾನೆಗೆ ಸೇರುವ ತನಕ ಈ ದೊರೆ ಬೆಳಗಿನ ಊಟಕ್ಕೆ ಏಳುತ್ತಿರಲಿಲ್ಲವಂತೆ. ‘ನವಕೋಟಿ ನಾರಾಯಣ’ ಎಂಬ ಬಿರುದು ಜನರ ಬಾಯಲ್ಲಿ ಉಳಿದದ್ದು ಹೀಗೆ. ಆ ಕೋಟಿಗಳು ಸುಮ್ಮನೆ ಬರಲಿಲ್ಲ. ಕಂದಾಯದ ಜೊತೆಗೆ ಸಣ್ಣಪುಟ್ಟ ತೆರಿಗೆಗಳನ್ನು ಒಂದರ ಮೇಲೊಂದು ಹೇರಿದಾಗ ರೈತರು ಎದ್ದರು. ನೇಗಿಲನ್ನು ತಲೆಕೆಳಗು ಮಾಡಿ ಊರ ಬಾಗಿಲಿಗೆ ನೇತುಹಾಕಿ, ಇನ್ನು ಉಳುವುದಿಲ್ಲ ಎಂದು ಸಾರಿದರು. ಅವರ ಬೆನ್ನಿಗೆ ನಿಂತ ಜಂಗಮರನ್ನೂ ರೈತರನ್ನೂ ಅರಮನೆ ಬಹಳ ಕ್ರೂರವಾಗಿ ಹತ್ತಿಕ್ಕಿತು. ಆ ದ್ವೇಷದ ಬೆನ್ನಲ್ಲೇ 1686ರಲ್ಲಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು. ಅವನ ಜಾಗಕ್ಕೆ ಬಂದವನು ತಿರುಮಲಾರ್ಯ, ಎಂದರೆ ದಾಖಲೆಗಳ ತಿರುಮಲೈಯಂಗಾರ್. ಚಿಕ್ಕದೇವರಾಜರ ಆಡಳಿತವನ್ನು ಹೊಗಳುವವರು ಈ ನೇಗಿಲುಗಳನ್ನು ಮರೆಯಬಾರದು.

ತೆಂಗಿನ ಸೀಮೆ ಮೈಸೂರಿನ ಕೈಗೆ ಬಂದದ್ದು ಈ ದೊರೆಯ ಉತ್ತರದ ದಂಡಯಾತ್ರೆಗಳಲ್ಲಿ. ಅದಕ್ಕೆ ಮೊದಲು ಚಿಕ್ಕನಾಯಕನಹಳ್ಳಿಯ ಕಡೆ ಹಾಗಲವಾಡಿ ಪಾಳೆಯಗಾರರ ಆಳ್ವಿಕೆಯಿತ್ತು. ಊರಿಗೆ ಹೆಸರು ಬಂದದ್ದೇ ಆ ಮನೆತನದ ಚಿಕ್ಕನಾಯಕನಿಂದ. ತುಮಕೂರಿನ ಬಳಿಯ ಜಡಕನದುರ್ಗವನ್ನು ಗೆದ್ದ ಚಿಕ್ಕದೇವರಾಜರು ಅದಕ್ಕೆ ತಮ್ಮ ಹೆಸರಿಟ್ಟರು. ಅದೇ ಇಂದಿನ ದೇವರಾಯನದುರ್ಗ. ಇನ್ನೊಂದು ಕಡೆಯಿಂದ ಮೊಗಲರೂ ಇಳಿದು ಬರುತ್ತಿದ್ದರು. 1687ರಲ್ಲಿ ಔರಂಗಜೇಬನ ಸೇನಾನಿ ಖಾಸಿಂ ಖಾನ್ ಶಿರಾದಲ್ಲಿ ನೆಲೆಯೂರಿದ. ಅದೇ ವರ್ಷ ಬೆಂಗಳೂರನ್ನು ಚಿಕ್ಕದೇವರಾಜರಿಗೆ ಮೂರು ಲಕ್ಷ ರೂಪಾಯಿಗೆ ಬಿಟ್ಟುಕೊಟ್ಟವನೂ ಅವನೇ. ಹೀಗೆ ಹುಳಿಯಾರು, ಕಂದಿಕೆರೆ, ಹೊನ್ನವಳ್ಳಿ, ತುರುವೇಕೆರೆಗಳ ಪಟ್ಟಿ ಶಿರಾಕ್ಕೂ ಶ್ರೀರಂಗಪಟ್ಟಣಕ್ಕೂ ನಡುವಿನ ಗಡಿನಾಡಾಯಿತು. ಉತ್ತರದಿಂದ ಶ್ರೀರಂಗಪಟ್ಟಣಕ್ಕೆ ನುಗ್ಗುವ ಕುದುರೆ ದಂಡಿಗೆ ಚಿಕ್ಕನಾಯಕನಹಳ್ಳಿ, ತುರುವೇಕೆರೆ, ನಾಗಮಂಗಲ ಒಂದರ ಹಿಂದೊಂದು ಸಿಗುವ ಊರುಗಳು. ಮುಂದಿನ ಎಪ್ಪತ್ತು ವರ್ಷಗಳ ಕಥೆಯಲ್ಲಿ ಈ ದಾರಿ ಮತ್ತೆಮತ್ತೆ ಬರುತ್ತದೆ.

1695ರಲ್ಲಿ ಚಳ್ಳಕೆರೆ ಬಳಿಯ ದೊಡ್ಡೇರಿಯಲ್ಲಿ ಮರಾಠಾ ಸೇನಾನಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಖಾಸಿಂ ಖಾನ್ ಸತ್ತ. ಮೊಗಲ್ ಪಾಳೆಯದಲ್ಲಿ ಮೈಸೂರಿನ ಪರವಾಗಿ ಮಾತಾಡುವವರು ಇಲ್ಲದಾದರು. ಆಗ ಚಿಕ್ಕದೇವರಾಜರು ಕರಣಿಕ ಲಿಂಗಣ್ಣಯ್ಯನನ್ನು ಔರಂಗಜೇಬನ ಬಳಿಗೆ ರಾಯಭಾರಿಯಾಗಿ ಕಳಿಸಿದರು. ನಿಯೋಗ 1700ರಲ್ಲಿ ಹಿಂತಿರುಗಿದಾಗ ಬಾದಶಹನಿಂದ ಒಂದು ಮೊಹರನ್ನೂ, ದಂತದ ಸಿಂಹಾಸನದ ಮೇಲೆ ಕೂರುವ ಮನ್ನಣೆಯನ್ನೂ ತಂದಿತು. ಅದಕ್ಕಿಂತ ಬೆಲೆಬಾಳುವ ಇನ್ನೊಂದನ್ನು ಲಿಂಗಣ್ಣಯ್ಯ ಕಣ್ಣಾರೆ ಕಂಡು ಬಂದಿದ್ದ. ಅದು ಮೊಗಲರ ಇಲಾಖಾ ವ್ಯವಸ್ಥೆ. ಅದರ ಮಾದರಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಹದಿನೆಂಟು ಚಾವಡಿಗಳು ಏರ್ಪಟ್ಟವು. ಅದೇ ಅಠಾರ ಕಚೇರಿ.

ಈ ಚಾವಡಿಗಳ ಪಟ್ಟಿಯನ್ನು ಓದಿದರೆ ಆ ಕಾಲದ ಸರ್ಕಾರ ಯಾವುದರ ಮೇಲೆ ಕಣ್ಣಿಟ್ಟಿತ್ತು ಎಂಬುದು ಸ್ಪಷ್ಟವಾಗುತ್ತದೆ. ಅರ್ಜಿಗಳನ್ನು ತೆಗೆದುಕೊಂಡು ಅರಸನ ಆಜ್ಞೆ ಹೊರಡಿಸುವುದು ನಿರೂಪದ ಚಾವಡಿ. ಲೆಕ್ಕಪತ್ರಕ್ಕೆ ಆಯಕಟ್ಟಿನ ಚಾವಡಿ. ರಾಜ್ಯವನ್ನು ಕಾವೇರಿಯ ಆಚೆ ಈಚೆ ಎಂದು ಎರಡಾಗಿ ಭಾಗಿಸಿ ಮೈಸೂರು ಹೋಬಳಿ, ಪಟ್ಟಣದ ಹೋಬಳಿ ಎಂಬ ಎರಡು ಚಾವಡಿಗಳು. ಇವೆರಡರ ಮೇಲ್ವಿಚಾರಣೆಗೆಂದು ಮತ್ತೆರಡು. ಹಳ್ಳಿಗಾಡಿನ ಪಡೆಗೆ ಸೀಮೆಯ ಕಂದಾಚಾರ, ಕೋಟೆಯ ಕಾವಲಿಗೆ ಬಾಗಿಲ ಕಂದಾಚಾರ. ಸುಂಕಕ್ಕೆ, ಅರಮನೆಯ ಖಾಸಾ ಕೆಲಸಕ್ಕೆ, ದೇವಸ್ಥಾನಗಳಿಗೆ ಬೇರೆಬೇರೆ ಚಾವಡಿಗಳು. ಕಬ್ಬಿಣಕ್ಕೆ, ಹೊಗೆಸೊಪ್ಪಿಗೆ ಪ್ರತ್ಯೇಕ ಚಾವಡಿಗಳಿದ್ದವು ಎಂಬುದು ಗಮನಿಸಬೇಕಾದ ಸಂಗತಿ. ಎರಡರ ವ್ಯಾಪಾರದಲ್ಲೂ ಸರ್ಕಾರಕ್ಕೆ ಒಳ್ಳೆಯ ಆದಾಯವಿತ್ತು.

ಇವುಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬೇಕು. ಮೊದಲನೆಯದು ಬೇಹಿನ ಚಾವಡಿ. ಅಂಚೆ ಸಾಗಿಸುವುದು ಅದರ ಕೆಲಸ. ಮೈಸೂರಿನ ಅಂಚೆ ವ್ಯವಸ್ಥೆಗೆ ಬುನಾದಿ ಬಿದ್ದದ್ದು ಚಿಕ್ಕದೇವರಾಜರ ಕಾಲದಲ್ಲಿ. ಅಂಚೆಯವನ ಕೆಲಸ ಕಾಗದ ಮುಟ್ಟಿಸುವುದಕ್ಕೇ ಮುಗಿಯುತ್ತಿರಲಿಲ್ಲ. ಊರಿನ ಅಧಿಕಾರಿ ಏನು ಮಾಡುತ್ತಿದ್ದಾನೆ, ಸಂತೆಯಲ್ಲಿ ಜನ ಏನು ಆಡಿಕೊಳ್ಳುತ್ತಿದ್ದಾರೆ ಎಂಬುದನ್ನೂ ಅವನು ಗುಟ್ಟಾಗಿ ಬರೆದು ಅರಮನೆಗೆ ಕಳಿಸಬೇಕಿತ್ತು. ದೂರದ ಗಡಿಯ ಒಬ್ಬ ಶಾನುಭೋಗ ಲೆಕ್ಕ ತಪ್ಪಿಸಿದರೆ, ಆ ಸುದ್ದಿ ಅವನ ಮೇಲಧಿಕಾರಿಯ ಕೈಗೆ ಸಿಗುವ ಮೊದಲೇ ದೊರೆಯ ಕಿವಿಗೆ ಬೀಳುವ ಏರ್ಪಾಡು ಇದು. ಇಡೀ ಯಂತ್ರದ ಅಚ್ಚು ಇದೇ ಎನ್ನಬೇಕು. ಎಲ್ಲ ಸುದ್ದಿಯೂ ಒಬ್ಬ ವ್ಯಕ್ತಿಯ ಕಿವಿಗೆ, ಎಲ್ಲ ಹಣವೂ ಅದೇ ವ್ಯಕ್ತಿಯ ಕಣ್ಣೆದುರಿಗೆ.

ಎರಡನೆಯದು ಬೆಣ್ಣೆ ಚಾವಡಿ. ಅರಮನೆಗೆ ಹಾಲು, ಬೆಣ್ಣೆ ಒದಗಿಸಲು ಸಾಕಿದ ದನಗಳ ಹಿಂಡುಗಳನ್ನು ಅದು ನೋಡಿಕೊಳ್ಳುತ್ತಿತ್ತು. ಜೊತೆಗೆ ದಂಡಿನ ಸಾಮಾನು ಎಳೆಯುವ ಎತ್ತುಗಳ ತಳಿಯನ್ನೂ ಬೆಳೆಸುತ್ತಿತ್ತು. ಈ ಹಿಂಡುಗಳು ಮೇಯಲು ಬೇಕಾದ ಹುಲ್ಲುಗಾವಲುಗಳನ್ನು ಕಾವಲುಗಳೆಂದು ಕಾದಿರಿಸಿದರು. ಟಿಪ್ಪು ಸುಲ್ತಾನನ ಕಾಲದಲ್ಲಿ ಇದೇ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂತು. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಕುರುಚಲು ಬಯಲುಗಳಲ್ಲಿ ಅಮೃತಮಹಲ್ ಕಾವಲುಗಳು ಇಂದಿಗೂ ಇವೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಆ ತಳಿಯನ್ನು ಉಳಿಸುವ ಕೇಂದ್ರವಿದೆ. ಅಠಾರ ಕಚೇರಿಯ ಹದಿನೆಂಟರಲ್ಲಿ ಈ ಸೀಮೆಯ ನೆಲದ ಮೇಲೆ ಕಣ್ಣಿಗೆ ಕಾಣುವ ಗುರುತು ಬಿಟ್ಟುಹೋದದ್ದು ಇದೊಂದೇ ಇರಬೇಕು.

1704ರ ನವೆಂಬರಿನಲ್ಲಿ ಚಿಕ್ಕದೇವರಾಜರು ತೀರಿಕೊಂಡರು. ಅವರ ಮಗ ಎರಡನೆಯ ಕಂಠೀರವ ನರಸರಾಜ ಒಡೆಯರು ಹುಟ್ಟಿನಿಂದ ಕಿವುಡರು, ಮೂಗರು. ಜನ ಅವರನ್ನು ಮೂಕರಸು ಎಂದರು. ಅವರು ಪಟ್ಟಕ್ಕೆ ಬರುವಂತೆ ನೋಡಿಕೊಂಡವನು ತಿರುಮಲೈಯಂಗಾರ್. ಹಿಂದಿನ ದೊರೆ ಕಟ್ಟಿದ ಏರ್ಪಾಡಿನಲ್ಲಿ ಎಲ್ಲವೂ ಅರಸ ಕೇಳಿ, ನೋಡಿ, ಆಜ್ಞೆ ಮಾಡುವುದರ ಮೇಲೆ ನಿಂತಿತ್ತು. ಆಡಿದ ಮಾತು ಕೇಳಿಸದ, ಬಾಯಿಬಿಟ್ಟು ಆಜ್ಞೆ ಕೊಡಲಾಗದ ಅರಸರ ಹತ್ತು ವರ್ಷದ ಆಳ್ವಿಕೆಯಲ್ಲಿ ಆ ಕೆಲಸವನ್ನು ಮಂತ್ರಿಗಳು ವಹಿಸಿಕೊಂಡರು. ಆಗ ಅದು ಅನಿವಾರ್ಯವಾಗಿತ್ತು. ಒಮ್ಮೆ ವಹಿಸಿಕೊಂಡದ್ದನ್ನು ಮುಂದಿನ ಅರಸನಿಗೆ ತಿರುಗಿ ಒಪ್ಪಿಸಬೇಕಾದ ಅಗತ್ಯ ಮಾತ್ರ ಯಾರಿಗೂ ಕಾಣಲಿಲ್ಲ.

1714ರಲ್ಲಿ ಬಂದ ದೊಡ್ಡ ಕೃಷ್ಣರಾಜರಿಗೆ ಮಾತೂ ಬರುತ್ತಿತ್ತು, ಕಿವಿಯೂ ಕೇಳುತ್ತಿತ್ತು. ಆದರೆ ರಾಜ್ಯಭಾರದ ಗೋಜು ಅವರಿಗೆ ಹಿಡಿಸಲಿಲ್ಲ. ಅಧಿಕಾರ ಕ್ರಮೇಣ ಕಳಲೆಯ ಮನೆತನಕ್ಕೆ ಸರಿಯಿತು. ನಂಜನಗೂಡಿನ ಬಳಿಯ ಕಳಲೆ ಅರಸುಮನೆತನಕ್ಕೂ ಮೈಸೂರು ಒಡೆಯರಿಗೂ ಹಳೆಯ ನೆಂಟಸ್ತಿಕೆ. ಹೆಣ್ಣು ಕೊಟ್ಟು ತರುವ ಸಂಬಂಧದ ಜೊತೆಗೆ, ದಳವಾಯಿ ಹುದ್ದೆಯೂ ಹೆಚ್ಚಾಗಿ ಅವರ ಕಡೆಗೇ ಬರುತ್ತಿತ್ತು. ಚಿಕ್ಕದೇವರಾಜರಂಥ ದೊರೆ ಇದ್ದಾಗ ದಳವಾಯಿ ದಂಡನ್ನು ನಡೆಸುವ ಅಧಿಕಾರಿ, ಅಷ್ಟೆ. ದೊರೆ ಹಿಂದೆ ಸರಿದಾಗ ಅವನ ಬಳಿ ಉಳಿದದ್ದು ಕತ್ತಿ. 1724ರಲ್ಲಿ ದಳವಾಯಿಯಾದ ದೇವರಾಜಯ್ಯನವರ ಜೊತೆಗೆ, ಅದೇ ಮನೆತನದ ಹಿರಿಯ ನಂಜರಾಜಯ್ಯ ಸರ್ವಾಧಿಕಾರಿಯಾದರು. ಕತ್ತಿ ಮತ್ತು ಬೊಕ್ಕಸದ ಬೀಗದ ಕೈ ಎರಡೂ ಒಂದೇ ಮನೆ ಸೇರಿದವು.

ಇವರ ಆಡಳಿತವನ್ನು ಬರೀ ಕೆಟ್ಟದ್ದೆಂದು ಬರೆದರೆ ಅನ್ಯಾಯವಾದೀತು. 1728ರಲ್ಲಿ ದೇವರಾಜಯ್ಯ ಮಾಗಡಿಯನ್ನು ಗೆದ್ದು ಸಾವನದುರ್ಗವನ್ನು ಹಿಡಿದರು. ಕೆಂಪೇಗೌಡರ ವಂಶದ ಆಳ್ವಿಕೆ ಅಲ್ಲಿಗೆ ಮುಗಿದು ರಾಜ್ಯದ ಗಡಿ ಹಿಗ್ಗಿತು. 1737ರಲ್ಲಿ ಆರ್ಕಾಟಿನ ನವಾಬ ದೋಸ್ತ್ ಅಲಿಯ ಸೈನ್ಯ ಮೈಸೂರಿನ ಮೇಲೆ ಬಂದಾಗ, ಚನ್ನಪಟ್ಟಣದ ಕಡೆಯ ಕೈಲಾಂಚದಲ್ಲಿ ಅದನ್ನು ಸೋಲಿಸಿದವರೂ ಅವರೇ. ದೇವರಾಜಯ್ಯ ಒಳ್ಳೆಯ ಸೇನಾನಿ.

ಕೆಟ್ಟದ್ದು ಬೇರೆ ಕಡೆಯಿಂದ ಬಂತು. ಶ್ರೀರಂಗಪಟ್ಟಣದ ಖಜಾನೆಯಲ್ಲಿ ನವಕೋಟಿ ಇದೆ ಎಂಬ ಮಾತು ದಕ್ಷಿಣದ ಎಲ್ಲ ಪಾಳೆಯಗಳಿಗೂ ಮುಟ್ಟಿತ್ತು. ಮೊದಲು ಆರ್ಕಾಟ್ ಮತ್ತು ಶಿರಾ ಎರಡೂ ನವಾಬ ಸಾದತುಲ್ಲಾ ಖಾನನ ಕೈಕೆಳಗಿದ್ದವು. ಶಿರಾಕ್ಕೆ ಬೇರೊಬ್ಬ ನವಾಬನನ್ನು ನೇಮಿಸಿದಾಗ, ಮೈಸೂರಿನಿಂದ ಬರುವ ಪೊಗದಿ ಯಾರಿಗೆ ಸೇರಬೇಕು ಎಂಬ ಜಗಳ ಹುಟ್ಟಿತು. ಜಗಳ ಬಗೆಹರಿದ ರೀತಿ ಮೈಸೂರಿಗೆ ಮುಳುವಾಯಿತು: ಕಡಪ, ಕರ್ನೂಲು, ಸವಣೂರಿನ ನವಾಬರು, ಗುತ್ತಿಯ ಘೋರ್ಪಡೆ ಎಲ್ಲರೂ ಒಟ್ಟಾಗಿ ಶ್ರೀರಂಗಪಟ್ಟಣಕ್ಕೇ ದಂಡೆತ್ತಿ ಬಂದರು. 1720ರ ದಶಕದ ನಡುವಿನ ಈ ದಾಳಿಗೆ ತೆತ್ತ ಬೆಲೆ ಒಂದು ಕೋಟಿ ರೂಪಾಯಿ. ಅದರ ಬಿಸಿ ಆರುವ ಮುಂಚೆಯೇ, 1726–27ರಲ್ಲಿ, ಪೇಶ್ವೆ ಬಾಜೀರಾಯನ ಮರಾಠಾ ಸೈನ್ಯ ಕಾಣಿಸಿಕೊಂಡಿತು. ಅವರಿಗೂ ಕೊಟ್ಟು ಕಳಿಸಿದರು. ಕೊಟ್ಟರೆ ಹೋಗುತ್ತಾರೆ ಎಂಬುದು ಮಂತ್ರಿಗಳು ಕಲಿತ ಪಾಠ. ಹೋದರೆ ಕೊಡುತ್ತಾರೆ ಎಂಬುದು ದಾಳಿಕೋರರು ಕಲಿತ ಪಾಠ.

1732ರಲ್ಲಿ ದೊಡ್ಡ ಕೃಷ್ಣರಾಜರು ಮಕ್ಕಳಿಲ್ಲದೆ ತೀರಿಕೊಂಡಾಗ ಮಂತ್ರಿಗಳ ಅಧಿಕಾರಕ್ಕೆ ಇದ್ದ ಕೊನೆಯ ಮರೆಯೂ ಸರಿಯಿತು. ದತ್ತು ಬಂದ ಚಾಮರಾಜ ಒಡೆಯರು ಮಂತ್ರಿಗಳ ಬೊಂಬೆಯಾಗಿರಲು ಒಪ್ಪಲಿಲ್ಲ. ಅವರು ಕಳಲೆಯವರನ್ನು ತೆಗೆದು ತಮ್ಮ ಕಡೆಯವರನ್ನು ನೇಮಿಸಲು ಹೊರಟರು. ದೇವರಾಜಯ್ಯ ಸೈನ್ಯವನ್ನು ಅರಮನೆಯ ಕಡೆಗೆ ತಿರುಗಿಸಿದರು. 1734ರಲ್ಲಿ ಅರಸನನ್ನು ಹಿಡಿದು, ಹೆಂಡತಿಯೊಡನೆ ಕಬ್ಬಾಳದುರ್ಗದ ಸೆರೆಗೆ ಕಳಿಸಿದರು. ಕನಕಪುರದ ಕಡೆಯ ಆ ಕಡಿದಾದ ಗುಡ್ಡದ ಕೋಟೆಯಿಂದ ಚಾಮರಾಜರು ಜೀವಂತವಾಗಿ ಮರಳಲಿಲ್ಲ. ಅವರ ಜಾಗಕ್ಕೆ ಐದಾರು ವರ್ಷದ ಒಬ್ಬ ಬಾಲಕನನ್ನು ತಂದು ಕೂರಿಸಿದರು. ಅವರೇ ಇಮ್ಮಡಿ ಕೃಷ್ಣರಾಜ ಒಡೆಯರು. ಹಿರಿಯ ನಂಜರಾಜಯ್ಯನವರ ನಂತರ ಸರ್ವಾಧಿಕಾರಿಯಾದ ದೇವರಾಜಯ್ಯನವರ ತಮ್ಮ, ಕರಾಚೂರಿ ನಂಜರಾಜಯ್ಯ, ಮುಂದೆ ತಮ್ಮ ಮಗಳನ್ನೇ ಈ ಅರಸನಿಗೆ ಕೊಟ್ಟು ಮದುವೆ ಮಾಡಿದರು.

ಹೆಚ್ಚುಕಡಿಮೆ ಇದೇ ಹೊತ್ತಿಗೆ ಲಂಡನ್‌ನಲ್ಲಿ ನಡೆದ ಒಂದು ಘಟನೆ ಪಕ್ಕದಲ್ಲಿಟ್ಟು ನೋಡತಕ್ಕದ್ದು. 1733ರಲ್ಲಿ ವಾಲ್‌ಪೋಲ್ ಹೊಗೆಸೊಪ್ಪು ಮತ್ತು ದ್ರಾಕ್ಷಾಮದ್ಯದ ಮೇಲಿನ ಸುಂಕವನ್ನು ಹೊಸ ರೀತಿಯಲ್ಲಿ ವಸೂಲು ಮಾಡುವ ಮಸೂದೆ ತಂದ. ವ್ಯಾಪಾರಿಗಳು ಸಿಡಿದೆದ್ದರು, ಬೀದಿಯಲ್ಲಿ ಗಲಾಟೆಯಾಯಿತು. ಪಾರ್ಲಿಮೆಂಟಿನಲ್ಲಿ ತನ್ನ ಪರವಾದ ಮತಗಳು ಕರಗುತ್ತಿರುವುದನ್ನು ಎಣಿಸಿ ನೋಡಿ ಅವನು ಮಸೂದೆಯನ್ನು ಹಿಂದಕ್ಕೆ ತೆಗೆದುಕೊಂಡ. 1742ರಲ್ಲಿ ಆ ಮತಗಳು ಸಂಪೂರ್ಣ ಕೈಕೊಟ್ಟಾಗ ರಾಜೀನಾಮೆ ಕೊಟ್ಟು, ಅರ್ಲ್ ಪದವಿ ಪಡೆದು ಮನೆಗೆ ಹೋದ. ವಾಲ್‌ಪೋಲನ ಸರ್ಕಾರ ಶುದ್ಧವಾದದ್ದೇನಲ್ಲ. ಹುದ್ದೆ ಮತ್ತು ಪಿಂಚಣಿ ಹಂಚಿ ಸದಸ್ಯರನ್ನು ಕಟ್ಟಿಕೊಳ್ಳುವುದರಲ್ಲಿ ಅವನು ಪಳಗಿದವನು. ಆದರೂ ತೆರಿಗೆಗೆ ಒಪ್ಪಿಗೆ ಕೇಳಬೇಕಾದ ಒಂದು ಸಭೆ ಅಲ್ಲಿತ್ತು. ಆ ಸಭೆ ಕೈಬಿಟ್ಟರೆ ಮಂತ್ರಿ ಇಳಿಯಬೇಕಿತ್ತು. ಶ್ರೀರಂಗಪಟ್ಟಣದಲ್ಲಿ ಹದಿನೆಂಟು ಕಚೇರಿಗಳಿದ್ದವು, ಹಣ ಕೂಡಿಸುವ ಚಾವಡಿ ಇತ್ತು, ಸುದ್ದಿ ಕೂಡಿಸುವ ಚಾವಡಿ ಇತ್ತು; ಮಂತ್ರಿಯನ್ನು ಪ್ರಶ್ನಿಸುವ ಚಾವಡಿ ಒಂದೂ ಇರಲಿಲ್ಲ. ಆ ಕೆಲಸ ಅರಸನದಾಗಿತ್ತು, ಅರಸ ಕಬ್ಬಾಳದುರ್ಗದಲ್ಲಿದ್ದ.

ಕರಾಚೂರಿ ನಂಜರಾಜಯ್ಯ ವಿದ್ಯಾವಂತರು. ಶಿವಭಕ್ತಿಯ ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು; ನೃಸಿಂಹ ಕವಿ ಅವರನ್ನೇ ನಾಯಕನನ್ನಾಗಿಸಿ ಸಂಸ್ಕೃತದಲ್ಲಿ ಅಲಂಕಾರ ಗ್ರಂಥ ಬರೆದ. ರಾಜಕಾರಣದಲ್ಲಿ ಮಾತ್ರ ಅವರ ಲೆಕ್ಕ ತಪ್ಪಿತು. ಆರ್ಕಾಟಿನ ನವಾಬಗಿರಿಗೆ ಹೋರಾಡುತ್ತಿದ್ದ ಮಹಮದಲಿ ಸಹಾಯ ಬೇಡಿ, ಪ್ರತಿಯಾಗಿ ತಿರುಚನಾಪಳ್ಳಿಯನ್ನು ಬಿಟ್ಟುಕೊಡುವುದಾಗಿ ಮಾತು ಕೊಟ್ಟ. ನಂಜರಾಜಯ್ಯ ನಂಬಿದರು. ಹಿರಿಯರಾದ ದೇವರಾಜಯ್ಯನವರಿಗೆ ಈ ಸಾಹಸ ಹಿಡಿಸಿರಲಿಲ್ಲ. 1752ರಿಂದ 1755ರ ತನಕ ಮೈಸೂರಿನ ಸೈನ್ಯ ತಿರುಚನಾಪಳ್ಳಿಯ ಗೋಡೆಯ ಹೊರಗೆ ಕಾಲ ಕಳೆಯಿತು. ಮಹಮದಲಿ ಮಾತು ತಪ್ಪಿದ, ಇಂಗ್ಲಿಷ್ ಕಂಪನಿ ಅವನ ಬೆನ್ನಿಗೆ ನಿಂತಿತು, ಊರು ಸಿಗಲಿಲ್ಲ. ಎರಡು ತಲೆಮಾರು ಸೇರಿಸಿಟ್ಟದ್ದರಲ್ಲಿ ಉಳಿದಿದ್ದುದೂ ಆ ಮರಳಿನಲ್ಲಿ ಇಂಗಿತು.

ಸೈನ್ಯ ದೂರವಿದ್ದಾಗಲೇ, 1755ರಲ್ಲಿ, ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ. 56 ಲಕ್ಷ ರೂಪಾಯಿಗೆ ರಾಜಿಯಾಯಿತು. ಬೊಕ್ಕಸದಲ್ಲಿ ಅಷ್ಟಿರಲಿಲ್ಲ. ದೇವಸ್ಥಾನದ ಒಡವೆಗಳನ್ನು ತೆಗೆದುಕೊಟ್ಟರೂ ತುಂಬಲಿಲ್ಲ. ಉಳಿದ ಮೊತ್ತಕ್ಕೆ ಸಾಹುಕಾರರನ್ನು ಜಾಮೀನಾಗಿ ಒಪ್ಪಿಸಿದರು. ಆ ಹಣ ಬರಲೇ ಇಲ್ಲ. ಜಾಮೀನಾಗಿ ಹೋದವರಲ್ಲಿ ಕೆಲವರು ಸೆರೆಯಲ್ಲೇ ಸತ್ತರು.

ಮನೆಯೊಳಗಿನ ಜಗಳವೂ ಆಗಲೇ ಒಡೆಯಿತು. ಬೆಳೆದು ನಿಂತ ಇಮ್ಮಡಿ ಕೃಷ್ಣರಾಜರು ನಂಜರಾಜಯ್ಯನವರನ್ನು ಕೆಳಗಿಳಿಸಲು ಗುಟ್ಟಾಗಿ ಯತ್ನಿಸಿದರು. ಸುದ್ದಿ ತಿಳಿದ ನಂಜರಾಜಯ್ಯ ಅರಮನೆಗೇ ಫಿರಂಗಿ ಹಾರಿಸಿದರು. ಒಳಗೆ ನುಗ್ಗಿ ಅರಸನ ಕಡೆಯವರ ಕಿವಿ ಮೂಗು ಕೊಯ್ಯಿಸಿದರು. ಅಳಿಯ, ಮಗಳು ಇದ್ದ ಅರಮನೆ ಅದು. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಅರಸನನ್ನು ಸೆರೆಗೆ ಕಳಿಸಿದ್ದ ದೇವರಾಜಯ್ಯನವರಿಗೂ ಇದನ್ನು ಸಹಿಸಲಾಗಲಿಲ್ಲ. 1757ರ ಮೊದಲಲ್ಲಿ ತಮ್ಮ ಪಡೆಯನ್ನು ಕರೆದುಕೊಂಡು ಸತ್ಯಮಂಗಲಕ್ಕೆ ಹೊರಟುಹೋದರು. ದಳವಾಯಿ ಇಲ್ಲದ, ಸಂಬಳ ಕಾಣದ ಸೈನ್ಯವಿದ್ದ ರಾಜಧಾನಿಯ ಮುಂದೆ ಕೆಲವೇ ವಾರಗಳಲ್ಲಿ ಪೇಶ್ವೆ ಬಾಲಾಜಿ ಬಾಜೀರಾಯ ಬಂದು ಪಾಳೆಯ ಬಿಟ್ಟ.

ತೆಂಗಿನ ಸೀಮೆ ಕಥೆಯೊಳಕ್ಕೆ ನೇರವಾಗಿ ಬರುವುದು ಇಲ್ಲಿ. ಮುತ್ತಿಗೆ ತೆಗೆಯಲು ಪೇಶ್ವೆಗೆ ಒಪ್ಪಿದ ಮೊತ್ತ 32 ಲಕ್ಷ ರೂಪಾಯಿ. ನಗದು, ಒಡವೆ ಎಲ್ಲ ಸೇರಿಸಿ ಕೊಡಲಾದದ್ದು ಸುಮಾರು ಐದು ಲಕ್ಷ. ಮಿಕ್ಕದ್ದಕ್ಕೆ ನಂಜರಾಜಯ್ಯ 14 ತಾಲ್ಲೂಕುಗಳನ್ನು ಒತ್ತೆಯಿಟ್ಟರು. ಆ ಪಟ್ಟಿಯಲ್ಲಿ ನಾಗಮಂಗಲ, ಕಿಕ್ಕೇರಿ, ಚನ್ನರಾಯಪಟ್ಟಣ, ಕಡೂರು, ಬಾಣಾವರಗಳ ಜೊತೆಗೆ ಹೊನ್ನವಳ್ಳಿ, ತುರುವೇಕೆರೆ, ಕಂದಿಕೆರೆ, ಚಿಕ್ಕನಾಯಕನಹಳ್ಳಿ, ಕಡಬ, ಕಲ್ಲೂರುಗಳಿದ್ದವು. ತಿಪಟೂರು ಆಗ ತಾಲ್ಲೂಕಿನ ಊರಲ್ಲ. ಆ ಭಾಗದ ಹೆಸರೆಲ್ಲ ಹೊನ್ನವಳ್ಳಿಯದು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಮೂರು ತಾಲ್ಲೂಕುಗಳ ಬಹುಭಾಗವೂ ಗುಬ್ಬಿಯ ಒಂದು ಪಾಲೂ ಒಂದೇ ಕಾಗದದಲ್ಲಿ ಪುಣೆಯ ಲೆಕ್ಕಕ್ಕೆ ಹೋದವು. ಮರಾಠರ ವಸೂಲಿ ಅಧಿಕಾರಿಗಳು ಊರೂರಿಗೆ ಬಂದು ಕೂತರು. ಅವರ ಬೆಂಬಲಕ್ಕೆ ಆರು ಸಾವಿರ ಕುದುರೆ ಸವಾರರನ್ನು ಪೇಶ್ವೆ ಇಲ್ಲಿಯೇ ಬಿಟ್ಟುಹೋದ.

ಈ ಸೀಮೆಯೇ ಏಕೆ ಎಂಬುದಕ್ಕೆ ನಕಾಶೆಯೇ ಅರ್ಧ ಉತ್ತರ ಕೊಡುತ್ತದೆ. ಮರಾಠರ ಕೈಯಳತೆಗೆ ಸಿಗುವ, ಅವರು ಬಂದು ಹೋಗುವ ದಾರಿಯಲ್ಲಿರುವ ನೆಲ ಇದು. ಇನ್ನರ್ಧ ಉತ್ತರ ತೋಟಗಳಲ್ಲಿದೆ ಎಂದು ಊಹಿಸಬಹುದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಡೆ ಸುತ್ತಿದಾಗ, ಅಷ್ಟೊಂದು ಯುದ್ಧಗಳು ತುಳಿದುಹೋದ ಮೇಲೂ, ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿಗಳಲ್ಲಿ ತೆಂಗು ಅಡಕೆಯ ತೋಟಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ರಾಗಿಯ ಹೊಲ ಮಳೆ ಕೈಕೊಟ್ಟ ವರ್ಷ ಏನೂ ಕೊಡುವುದಿಲ್ಲ. ಕೆರೆಯ ಹಿಂದಿನ ತೆಂಗಿನ ತೋಟ ಕಡಿಮೆಯಾದರೂ ಕಾಯಿ ಕೊಡುತ್ತದೆ. ಸಾಲ ಕೊಟ್ಟವನು ಒತ್ತೆಯಾಗಿ ಕೇಳುವುದು ಅಂಥ ನೆಲವನ್ನೇ. ಮರವನ್ನು ಗಂಟುಕಟ್ಟಿ ಹೊತ್ತುಕೊಂಡು ರೈತ ಓಡಿಹೋಗುವಂತೆಯೂ ಇಲ್ಲ. ಶ್ರೀರಂಗಪಟ್ಟಣದ ಅಣ್ಣತಮ್ಮಂದಿರ ಜಗಳದಲ್ಲಿ ಯಾವ ಪಾತ್ರವೂ ಇಲ್ಲದಿದ್ದ ಜನ, ಅದಕ್ಕೆ ತಮ್ಮ ತೋಟದ ಕಂದಾಯ ತೆರಬೇಕಾಯಿತು. ಆ ಮೂರು ದಶಕಗಳ ಆಡಳಿತದ ಮೇಲೆ ಇದಕ್ಕಿಂತ ದೊಡ್ಡ ಆಪಾದನೆ ಇನ್ನೊಂದಿಲ್ಲ.

ಒತ್ತೆ ಬಹಳ ಕಾಲ ಮರಾಠರ ಕೈಯಲ್ಲಿ ಉಳಿಯಲಿಲ್ಲ. ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರಾಲಿ ಶ್ರೀರಂಗಪಟ್ಟಣಕ್ಕೆ ಬಂದವನು, ಮಳೆಗಾಲದಲ್ಲಿ ಮರಾಠರ ದೊಡ್ಡ ದಂಡು ನದಿ ದಾಟಿ ಬರಲಾರದು ಎಂದು ಲೆಕ್ಕ ಹಾಕಿ, ವಸೂಲಿಯವರನ್ನು ಓಡಿಸುವಂತೆ ನಂಜರಾಜಯ್ಯನವರಿಗೆ ಆಲೋಚನೆ ಹೇಳಿದ. ಹಾಗೆಯೇ ಆಯಿತು. 1758ರಲ್ಲಿ ಇನ್ನೊಂದು ದೃಶ್ಯ: ತಿಂಗಳುಗಟ್ಟಲೆ ಸಂಬಳ ಕಾಣದ ಸಿಪಾಯಿಗಳು ಸರ್ವಾಧಿಕಾರಿಯ ಮನೆ ಬಾಗಿಲಲ್ಲಿ ಧರಣಿ ಕೂತರು. ಒಳಕ್ಕೆ ಅಕ್ಕಿ, ನೀರು ಹೋಗದಂತೆ ತಡೆದರು. ರಾಜ್ಯದ ಬೊಕ್ಕಸದ ಒಡೆಯ ತನ್ನ ಮನೆಯಲ್ಲೇ ಹಸಿದು ಕೂತ ಹೊತ್ತಿನಲ್ಲಿ ಸಿಪಾಯಿಗಳ ಲೆಕ್ಕ ನೋಡಿ, ಸುಳ್ಳು ಬಾಬುಗಳನ್ನು ಹೊಡೆದುಹಾಕಿ, ಬಾಕಿ ತೀರಿಸಿದವನು ಹೈದರ್. ಸೈನ್ಯ ಯಾರ ಮಾತು ಕೇಳುತ್ತದೆ ಎಂಬುದು ಅಂದೇ ತೀರ್ಮಾನವಾಯಿತು. ಅಣ್ಣತಮ್ಮಂದಿರನ್ನು ರಾಜಿ ಮಾಡಿಸಿದವನೂ ಅವನೇ. ದೇವರಾಜಯ್ಯ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು.

ಕೊಟ್ಟ ಮಾತು ಮುರಿದದ್ದಕ್ಕೆ ಮರಾಠರು ಗೋಪಾಲ ಹರಿಯ ನಾಯಕತ್ವದಲ್ಲಿ ತಿರುಗಿ ಬಂದರು. ಹೈದರ್ ಬೆಂಗಳೂರು, ಚನ್ನಪಟ್ಟಣಗಳ ಕಡೆ ಅವರನ್ನು ತಡೆದು ನಿಲ್ಲಿಸಿದ. 1759ರ ರಾಜಿಯಂತೆ ಹಳೆಯ ಬಾಕಿಗೂ ಒತ್ತೆಯ ತಾಲ್ಲೂಕುಗಳಿಗೂ ಸೇರಿ 32 ಲಕ್ಷ ರೂಪಾಯಿ ಗೊತ್ತಾಯಿತು. ಹೈದರ್ ಅರ್ಧವನ್ನು ಕೂಡಿಸಿ ಕೊಟ್ಟು ಉಳಿದದ್ದಕ್ಕೆ ಸಾಹುಕಾರರ ಹೊಣೆ ಕೊಡಿಸಿದ. ಹೊನ್ನವಳ್ಳಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ಮತ್ತೆ ಮೈಸೂರಿನ ಲೆಕ್ಕಕ್ಕೆ ಬಂದವು. ಅರಸರು ಅವನಿಗೆ ಫತೇ ಹೈದರ್ ಬಹಾದೂರ್ ಎಂಬ ಬಿರುದು ಕೊಟ್ಟರು.

ಅದೇ ವರ್ಷ ನಂಜರಾಜಯ್ಯ ಹುದ್ದೆ ಬಿಡಬೇಕಾಯಿತು. ಅವರನ್ನು ಇಳಿಸಲು ಅರಮನೆ ಹೈದರನ ಸಹಾಯ ಪಡೆಯಿತು. 1760ರಲ್ಲಿ ಅರಮನೆ ಹೈದರನ ದಿವಾನನಾಗಿದ್ದ ಖಂಡೇರಾಯನನ್ನು ಮುಂದೆ ಮಾಡಿಕೊಂಡು ಹೈದರನನ್ನೂ ಹೊರದೂಡಲು ನೋಡಿ ಸೋತಿತು. 1761ರಲ್ಲಿ ಹೈದರಾಲಿ ತಾನೇ ಸರ್ವಾಧಿಕಾರಿಯಾದ. ಇಮ್ಮಡಿ ಕೃಷ್ಣರಾಜರು 1766ರಲ್ಲಿ ತೀರಿಕೊಂಡರು. ನಂಜರಾಜಯ್ಯ ಜಹಗೀರಿನಲ್ಲಿ ಕೆಲಕಾಲ ಇದ್ದು, 1773ರಲ್ಲಿ ಹೈದರನ ಸೆರೆಯಲ್ಲಿ ಕೊನೆಯುಸಿರೆಳೆದರು.